ಕ್ಲಾಸು, ಮಳೆ, ಪರೀಕ್ಷೆಗಳ ನಡುವೆ ಒಂದು ಕೌದಿ ಮುಗಿಸುವುದು

ಮನೆ, ಮಕ್ಕಳು ಅಂತ ಓಡಾಡಿಕೊಂಡು ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯಲು ಪುರುಸೊತ್ತು ಹೇಗೆ ಸಿಗುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ದಾರದ ಉದ್ದ. ಎರಡು ಮೊಳ, ಅದಕ್ಕಿಂತ ಒಂದು ಗೇಣೂ ಜಾಸ್ತಿ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹುಟ್ಟಿದ್ದು ಹಾವೇರಿ ಕಡೆ. ಅಲ್ಲಿ ಕೌದಿ ಇಲ್ಲದ ಮನೆ ನಾನು ಕಂಡಿಲ್ಲ. ಕೊಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಗೆ. ಮಕ್ಕಳ ಶಾಲೆಗಾಗಿ ಏಳು ವರ್ಷದಿಂದ ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಮಗಳು ಎಂಟನೇ ಕ್ಲಾಸು, ಅವಳಿಗೆ ವಾರಕ್ಕೆರಡು ದಿನ ಭರತನಾಟ್ಯ. ಮಗ ನಾಲ್ಕನೇ ಕ್ಲಾಸು, ಶನಿವಾರ ಚೆಸ್, ಬೇಸಿಗೆಯಲ್ಲಿ ಈಜು. ನಮ್ಮ ಯಜಮಾನರು ವಾರದಲ್ಲಿ ನಾಲ್ಕು ದಿನ ತೋಟದಲ್ಲೇ ಇರುವುದರಿಂದ ಕರೆದುಕೊಂಡು ಹೋಗುವುದು, ಕಾಯುವುದು, ವಾಪಸ್ ತರುವುದು ಎಲ್ಲ ನನ್ನದೇ.

ನಾಲ್ಕು ವರ್ಷದ ಹಿಂದೆ ತಂಗಿಯ ಮಗುವಿನ ನಾಮಕರಣಕ್ಕೆ ಕೌದಿ ಕೊಡಲೇಬೇಕೆಂದು ಹಟ ಹಿಡಿದು ಕೂತಿದ್ದೆ. ಒಂದು ಸಂಜೆ ಮಗಳು ಬಾಗಿಲ ಹತ್ತಿರ ನಿಂತು, ‘ಅಮ್ಮ, ಈ ಸಾಲು ಮುಗಿದ ಮೇಲೆ ಮಾತಾಡ್ಲಾ?’ ಎಂದಳು. ಹೂಂ ಅಂದೆ. ಐದಡಿ ಸಾಲು ಮುಗಿಸಿ, ಅದರ ಪಕ್ಕದ್ದೂ ಅರ್ಧ ಎಳೆದು ತಲೆ ಎತ್ತಿದಾಗ ಅವಳು ಹೋಗಿ ಮಲಗಿಬಿಟ್ಟಿದ್ದಳು. ಗೆಳತಿಯೊಬ್ಬಳು ಮಾತು ಬಿಟ್ಟಿದ್ದನ್ನು ಹೇಳಲು ಬಂದಿದ್ದಳೆಂದು ನನಗೆ ಗೊತ್ತಾಗಿದ್ದು ಮೂರು ದಿನ ಕಳೆದ ಮೇಲೆ. ಆವತ್ತಿನಿಂದ ಸಾಲಿನ ಲೆಕ್ಕ ಬಿಟ್ಟೆ, ದಾರದ ಲೆಕ್ಕ ಹಿಡಿದೆ.

ಎರಡು ಮೊಳದ ದಾರ ಅಂದರೆ ಸುಮಾರು 36 ಇಂಚು. ಗಂಟಿಗೆ, ಕೊನೆಗೆ ಕಟ್ಟಲು ಬಿಟ್ಟರೆ ಎರಡೂಕಾಲು ಅಡಿಯಷ್ಟು ಹೊಲಿಗೆ ಬರುತ್ತದೆ. ನನ್ನ ಕೈಗೆ ಅದು ಹನ್ನೆರಡರಿಂದ ಹದಿನೈದು ನಿಮಿಷದ ಕೆಲಸ. ಕುಕ್ಕರ್ ಕೂಗುವಷ್ಟು ಹೊತ್ತು. ದಾರ ಉದ್ದ ಮಾಡಿದರೆ ಸೂಜಿ ಪೋಣಿಸುವ ಕೆಲಸ ಉಳಿಯುತ್ತದೆ ಅನಿಸಬಹುದು, ಉಳಿಯುವುದಿಲ್ಲ. ಉದ್ದ ದಾರ ಸುತ್ತಿಕೊಳ್ಳುತ್ತದೆ, ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ, ಬಟ್ಟೆಯೊಳಗೆ ನೂರಾರು ಸಲ ಎಳೆದೆಳೆದು ತುದಿ ಸವೆಯುತ್ತದೆ. ಹೊಲಿಯುವ ಮುಂಚೆ ದಾರವನ್ನು ಒಮ್ಮೆ ಜೇನುಮೇಣದ ತುಂಡಿನ ಮೇಲೆ ಎಳೆದುಕೊಳ್ಳಿ. ನಮ್ಮ ಕಡೆ ಜೇನು ಸಾಕುವವರ ಹತ್ತಿರ ಕೇಳಿದರೆ ಅಂಗೈಯಷ್ಟು ಮೇಣ ಕೊಡುತ್ತಾರೆ, ಅದು ವರ್ಷಗಟ್ಟಲೆ ಬರುತ್ತದೆ.

ಭಾನುವಾರ ರಾತ್ರಿ ಹತ್ತು ಸೂಜಿಗೆ ದಾರ ಪೋಣಿಸಿಡುವುದು ಮಗನ ಕೆಲಸ. ಅವನ ಕಣ್ಣು ಚುರುಕು, ಒಂದೇ ಸಲಕ್ಕೆ ಹಾಕಿಬಿಡುತ್ತಾನೆ. ದಿನಕ್ಕೆ ಎರಡು ದಾರ ನನ್ನ ಗುರಿ. ಒಂದು ದಾರ ಮುಗಿದರೆ ಸೂಜಿ ಕೆಳಗಿಡಬೇಕು, ಎದ್ದು ಮನೆಯನ್ನೊಮ್ಮೆ ನೋಡಬೇಕು. ಇನ್ನೊಂದು ಹಿಡಿಯುವುದು ಆಮೇಲಿನ ಮಾತು. ಮಕ್ಕಳು ಮಾತಾಡಲು ಬಂದರೆ ದಾರ ಮುಗಿಯುವವರೆಗೂ ಕಾಯಿಸಬೇಡಿ. ಕೌದಿಯ ಸಾದಾ ಹೊಲಿಗೆ ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತದೆ. ಸ್ವೆಟರ್ ಹೆಣಿಗೆಯ ಹಾಗೆ ಕುಣಿಕೆ ಜಾರಿಹೋಗುವ ಭಯ ಇಲ್ಲ. ಸೂಜಿಯನ್ನು ಬಟ್ಟೆಗೆ ಎರಡು ಸಲ ಚುಚ್ಚಿ ಭದ್ರ ಮಾಡಿ ಎದ್ದರಾಯಿತು. ಮನೆವಾರ್ತೆ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ಇಲ್ಲ ಎಂದು ನಾನು ನಂಬಿರುವುದು ಈ ಒಂದು ಗುಣಕ್ಕೆ.

ಮೊದಲ ಕೌದಿ ಯಾವ ಅಳತೆಗೆ ಮಾಡಬೇಕು? ನಾಲ್ಕಡಿಗೆ ಐದಡಿ. ಒಂದು ಮಗುವಿಗೆ ಹೊದೆಯಲು ಸಾಕು. ಡಬಲ್ ಹಾಸಿಗೆಯ ಕೌದಿ ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಮಕ್ಕಳು ದೊಡ್ಡವರಾಗುವವರೆಗೆ ಮುಂದಕ್ಕೆ ಹಾಕಿ. ದೊಡ್ಡ ಕೌದಿ ತೊಡೆಯ ಮೇಲೆ ಕೂರುವುದಿಲ್ಲ, ಮಡಚಿಡಲು ಜಾಗ ಬೇಕು, ಒದ್ದೆಯಾದರೆ ಒಬ್ಬರೇ ಎತ್ತಲಾಗುವುದಿಲ್ಲ. ನಾಲ್ಕಡಿ ಐದಡಿಯ ಮೇಲೆ ಒಂದು ಬೆರಳಿನ ಅಂತರದಲ್ಲಿ, ಅಂದರೆ ಮುಕ್ಕಾಲು ಇಂಚಿಗೊಂದರಂತೆ ಸಾಲು ಎಳೆದರೆ 64 ಸಾಲು. ದಾರದ ಲೆಕ್ಕದಲ್ಲಿ ಸುಮಾರು 140. ದಿನಕ್ಕೆ ಎರಡಾದರೆ ಎಪ್ಪತ್ತು ದಿನ. ಮೃಗಶಿರಾ ಮಳೆ ಹಿಡಿದಾಗ ಶುರು ಮಾಡಿದರೆ, ಜ್ವರ, ನೆಂಟರು ಅಂತ ನಡುವೆ ಕೆಲವು ದಿನ ತಪ್ಪಿದರೂ ಗೌರಿ ಹಬ್ಬದ ಹೊತ್ತಿಗೆ ಮುಗಿಯುತ್ತದೆ.

ಆದರೆ ಇದು ಮನೆಯೊಳಗಿನ ಕೆಲಸ. ಹೊರಗಿನ ಕೆಲಸ ಬೇರೆ ಇದೆ, ಅದು ಕೌದಿಯ ಮೇಲುಪದರಕ್ಕೆ ಚೌಕ ಜೋಡಿಸುವುದು. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ನಾಲ್ಕೂವರೆ ಇಂಚಿನ ಚೌಕವೊಂದನ್ನು ಕತ್ತರಿಸಿಕೊಳ್ಳಿ. ಅದನ್ನಿಟ್ಟು ಗುರುತು ಮಾಡಿ ಬಟ್ಟೆ ಕತ್ತರಿಸಿದರೆ, ಸುತ್ತ ಕಾಲಿಂಚು ಹೊಲಿಗೆಗೆ ಹೋಗಿ ನಾಲ್ಕಿಂಚು ಉಳಿಯುತ್ತದೆ. ಅಂಥ ಒಂಬತ್ತು ತುಂಡು ಸೇರಿಸಿದರೆ ಒಂದಡಿಯ ದೊಡ್ಡ ಚೌಕ. ಅಗಲಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತು. ನನಗೆ ಮಗಳ ಒಂದು ಡ್ಯಾನ್ಸ್ ಕ್ಲಾಸಿನಲ್ಲಿ ಒಂದು ಚೌಕ ಆಗುತ್ತದೆ. ಇಪ್ಪತ್ತು ಕ್ಲಾಸು ಅಂದರೆ ಹತ್ತು ವಾರ. ಆ ಒಂದು ಗಂಟೆ ಮೊದಲು ಮೊಬೈಲ್ ನೋಡುವುದರಲ್ಲಿ ಹೋಗುತ್ತಿತ್ತು.

ಹೊರಗೆ ಒಯ್ಯುವ ಡಬ್ಬಿ ಸಣ್ಣದಿರಲಿ. ನನ್ನದು ಮಗನ ಹಳೆಯ ಟಿಫಿನ್ ಡಬ್ಬಿ. ಅದರಲ್ಲಿ ಒಂಬತ್ತು ತುಂಡು, ಪೋಣಿಸಿದ ಮೂರು ಸೂಜಿ, ಪುಟ್ಟ ಕತ್ತರಿ. ಒಂಬತ್ತು ತುಂಡನ್ನು ಮನೆಯಲ್ಲೇ ಬಣ್ಣ ನೋಡಿ ಜೋಡಿಸಿ, ಅದೇ ಕ್ರಮದಲ್ಲಿ ಪೇರಿಸಿ, ಒಂದು ಟಾಕು ಹಾಕಿ ಕಟ್ಟಿಡಿ. ಕ್ಲಾಸಿನ ಹೊರಗಿನ ಬೆಂಚಿನ ಮೇಲೆ ಕೂತು ಯಾವುದರ ಪಕ್ಕ ಯಾವುದು ಎಂದು ಯೋಚಿಸುತ್ತಾ ಹೋದರೆ ಅರ್ಧ ಗಂಟೆ ಅಲ್ಲೇ ಹೋಯಿತು. ಆ ಜೋಡಣೆ ಈಗ ಮಗಳದ್ದು. ಹಸಿರಿನ ಪಕ್ಕ ನೀಲಿ ಇಡಬಾರದು ಎಂದು ಅವಳ ಹಟ, ನಾನು ಎದುರಾಡುವುದಿಲ್ಲ.

ಒಂದು ಎಚ್ಚರಿಕೆ. ಮಗಳ ಪ್ರದರ್ಶನ ಇರುವ ದಿನ, ಮಗನ ಪಂದ್ಯ ಇರುವ ದಿನ ಡಬ್ಬಿ ಒಯ್ಯಬೇಡಿ. ಅಭ್ಯಾಸಕ್ಕೆ ಸೂಜಿ ಸರಿ. ಕುವೆಂಪು ರಂಗಮಂದಿರದಲ್ಲಿ ಅವಳು ಗೆಜ್ಜೆ ಕಟ್ಟಿ ನಿಂತಾಗ ನನ್ನ ಕಣ್ಣು ಅವಳ ಮೇಲೇ ಇರಬೇಕು.

ಇನ್ನು ವರ್ಷವನ್ನು ಹಂಚಿಕೊಳ್ಳುವ ರೀತಿ. ಇದನ್ನು ನನಗೆ ಮಲೆನಾಡಿನ ಮಳೆ ಬಿಸಿಲೇ ಕಲಿಸಿದ್ದು. ದಸರಾ ರಜೆಯಲ್ಲಿ ಮಕ್ಕಳೂ ಅತ್ತೆಯೂ ಕೂತು 180 ತುಂಡು ಕತ್ತರಿಸುತ್ತೇವೆ. ಅಲ್ಲಿಂದ ಸಂಕ್ರಾಂತಿವರೆಗೆ ಕ್ಲಾಸುಗಳಲ್ಲಿ ಚೌಕ. ಅಷ್ಟರಲ್ಲಿ ಊರಿನಲ್ಲಿ ಕೊನೆಕೊಯ್ಲು, ಅಡಿಕೆ ಸುಲಿತ ಶುರುವಾಗಿರುತ್ತದೆ. ಶನಿವಾರ ಭಾನುವಾರ ನಾನು ಅಲ್ಲಿರಬೇಕು, ಆಗ ಮನೆಯಲ್ಲಿ ಸೂಜಿ ಹಿಡಿಯುವ ಮಾತೇ ಇಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಇಪ್ಪತ್ತೂ ಚೌಕ ಮಿಷನ್ನಿನಲ್ಲಿ ಸೇರಿಸಿಬಿಡುತ್ತೇನೆ. ಪರೀಕ್ಷೆ ಹತ್ತಿರ ಬಂದರೆ ಎಲ್ಲ ಟ್ರಂಕಿನೊಳಗೆ.

ಏಪ್ರಿಲ್, ಮೇ ತಿಂಗಳು ಬಟ್ಟೆ ಒಗೆದು ಪದರ ಹಾಸುವ ಕಾಲ. ಮಳೆ ಹಿಡಿದ ಮೇಲೆ ತೀರ್ಥಹಳ್ಳಿ ಕಡೆ ಕರವಸ್ತ್ರವೂ ಒಣಗುವುದಿಲ್ಲ. ಮುಗ್ಗಲು ಹಿಡಿದ ಸೀರೆಯನ್ನು ಒಳಗಿಟ್ಟು ಹೊಲಿದರೆ ಆ ವಾಸನೆ ಕೌದಿಗೇ ಅಂಟಿಕೊಳ್ಳುತ್ತದೆ. ಒಳಪದರಕ್ಕೆ ಅತ್ತೆಯ ಹಳೆಯ ಹತ್ತಿ ಸೀರೆಯೊಂದು ಸಾಕು. ಐದೂವರೆ ಮೀಟರ್ ಸೀರೆಯಲ್ಲಿ 62 ಇಂಚಿನ ಮೂರು ಪದರ ಬರುತ್ತದೆ. ಅಗಲದಲ್ಲಿ ಮೂರು ನಾಲ್ಕು ಇಂಚು ಕಡಿಮೆ ಬೀಳುತ್ತದೆ, ಉಳಿದ ತುಂಡಿನಿಂದ ಪಟ್ಟಿ ಕತ್ತರಿಸಿ ಪಕ್ಕಕ್ಕೆ ಸೇರಿಸಿಕೊಳ್ಳಿ. ಹತ್ತಿಯ ಜೊತೆ ಪಾಲಿಸ್ಟರ್ ಬೆರೆಸಬೇಡಿ. ಹತ್ತಿ ಒಗೆದಾಗ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗುವುದಿಲ್ಲ, ಎರಡು ಒಗೆತಕ್ಕೆ ಕೌದಿ ಅಲ್ಲಲ್ಲಿ ಉಬ್ಬುತ್ತದೆ. ಮಕ್ಕಳ ಹಳೆಯ ಯೂನಿಫಾರ್ಮ್ ನೆನಪಿಗೆಂದು ಸೇರಿಸುವ ಆಸೆಯಾಗುತ್ತದೆ, ಅದು ಹೆಚ್ಚಾಗಿ ಮಿಶ್ರ ಬಟ್ಟೆ. ಅದರ ಬದಲು ಮಗಳಿಗೆ ಗಿಡ್ಡವಾದ ಡ್ಯಾನ್ಸ್ ಪ್ರಾಕ್ಟೀಸ್ ಸೀರೆ ಹಾಕಿ. ಬೆವರಿ ಒಗೆದು ಮೆತ್ತಗಾದ ಒಳ್ಳೆಯ ಹತ್ತಿ ಅದು. ಕೆಂಪು ಬಟ್ಟೆಯನ್ನು ಮಾತ್ರ ಬಿಳಿ ಚಿಂದಿಯ ಜೊತೆ ನೆನೆಸಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ.

ಪದರ ಹಾಸಲು ಅಗಲವಾದ ಜಾಗ ಬೇಕು. ಶಿವಮೊಗ್ಗದ ಮನೆಯ ಹಾಲಿನಲ್ಲಿ ಹಾಸಿದರೆ ಮಗ ಅದರ ಮೇಲೇ ಓಡುತ್ತಾನೆ. ರಜೆಗೆ ಊರಿಗೆ ಹೋದಾಗ, ಅಡಿಕೆ ಒಣಗಿಸಿ ಖಾಲಿಯಾದ ಅಂಗಳದಲ್ಲಿ ಚಾಪೆ ಹಾಸಿ, ಬೆಳಿಗ್ಗೆ ಬಿಸಿಲೇರುವ ಮುಂಚೆ ನಾನೂ ಅತ್ತೆಯೂ ಎರಡು ಕಡೆ ಹಿಡಿದು ಹಾಸುತ್ತೇವೆ. ಅಂಗೈಯಿಂದ ನಡುವಿನಿಂದ ಹೊರಕ್ಕೆ ತೀಡಿ ಸುಕ್ಕು ತೆಗೆದು, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಇಲ್ಲಿ ಅವಸರ ಮಾಡಬೇಡಿ. ಈ ಒಂದು ಬೆಳಿಗ್ಗೆ ಸರಿಯಾಗಿ ಆದರೆ ಮುಂದಿನ 140 ದಾರವೂ ನಿಶ್ಚಿಂತೆ.

ಅಜ್ಜಿ ಹೀಗೆ ಹೊಲಿಯುತ್ತಿರಲಿಲ್ಲ. ಸೀರೆ ಹಾಸಿ, ಚಿಂದಿಗಳನ್ನು ಒಂದೊಂದಾಗಿ ಮೇಲಿಡುತ್ತಾ ಅಂಚಿನಿಂದ ಸುತ್ತು ಹಾಕುತ್ತಾ ನಡುವಿಗೆ ಬರುತ್ತಿದ್ದಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರೂ ಹೀಗೆಯೇ ಮೂಲೆಯಿಂದ ಹಿಡಿದು ಒಳಗೆ ಸಾಗುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ‘ಫುಲ’ ಇಡುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಗುವುದಿಲ್ಲ. ಆ ಬಗೆಯಲ್ಲಿ ಚಿಂದಿಯನ್ನು ಆಗಾಗಲೇ ಮಡಚಿ ಇಡುವುದರಿಂದ ಸಡಿಲವೆಲ್ಲ ಅದರಲ್ಲೇ ಮುಚ್ಚಿಹೋಗುತ್ತದೆ. ನಮ್ಮ ಮೇಲುಪದರ ಮೊದಲೇ ಜೋಡಿಸಿದ್ದು, ಅಂಚಿನಿಂದ ಹೊರಟರೆ ಸಡಿಲವೆಲ್ಲ ನಡುವಿಗೆ ಬಂದು ಗುಳ್ಳೆ ಏಳುತ್ತದೆ. ಆದ್ದರಿಂದ ಜೋಡಿಸಿದ ಕೌದಿಗೆ ನಡುವಿನ ಸಾಲಿನಿಂದ ಹಿಡಿದು ಎರಡೂ ಕಡೆಗೆ ಹೋಗಿ. ನಾನು ಮೊದಲನೆಯದರಲ್ಲಿ ಅಜ್ಜಿಯ ಹಾಗೆಯೇ ಅಂಚಿನಿಂದ ಹೊರಟು, ಹನ್ನೊಂದು ಸಾಲು ಬಿಚ್ಚಿದ್ದೇನೆ.

ಜೂನ್‌ನಿಂದ ಹೊಲಿಗೆ. ಇದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ನಾಲ್ಕು ಪದರದ ಬಟ್ಟೆ ತೊಡೆಯ ಮೇಲಿದ್ದರೆ ಬೇಸಿಗೆಯಲ್ಲಿ ಸೆಕೆ ತಡೆಯದು. ಪುನರ್ವಸು ಮಳೆಯಲ್ಲಿ ಅದೇ ಬೆಚ್ಚಗೆ. ಮಳೆ ರಜೆ ಕೊಟ್ಟ ದಿನ ನಾನು ಒಂದು ತುದಿ ಹೊಲಿಯುತ್ತಿದ್ದರೆ ಇನ್ನೊಂದು ತುದಿಯೊಳಗೆ ಮಕ್ಕಳಿಬ್ಬರೂ ಕಾಲು ತೂರಿಸಿಕೊಂಡು ಓದುತ್ತಿರುತ್ತಾರೆ. ಕರೆಂಟ್ ಹೋದರೂ ಕೈಹೊಲಿಗೆ ನಿಲ್ಲುವುದಿಲ್ಲ, ಕಿಟಕಿ ಪಕ್ಕ ಕೂತರಾಯಿತು. ಇಂಚಿಗೆ ನಾಲ್ಕೈದು ಟಾಕು ಬಿದ್ದರೆ ಸಾಕು, ಅದಕ್ಕಿಂತ ಸಣ್ಣದಕ್ಕೆ ಕಣ್ಣು ಸುಡಿಸಿಕೊಳ್ಳಬೇಡಿ.

ಸೂಜಿಯ ವಿಷಯ ಕಟ್ಟುನಿಟ್ಟಾಗಿರಿ. ಒಂದು ಸಲ ಒಂಬತ್ತೇ ಸಿಕ್ಕಿದವು, ನಾಳೆ ಹುಡುಕೋಣ ಎಂದು ಮಲಗಿದೆ. ಬೆಳಿಗ್ಗೆ ಹತ್ತನೆಯದು ಮಗನ ಹಿಮ್ಮಡಿಯಲ್ಲಿತ್ತು. ಆವತ್ತು ಅವನು ಅತ್ತಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಹತ್ತು ತೆಗೆದರೆ ಹತ್ತು ಎಣಿಸಿ ಇಡಬೇಕು, ಒಂದು ಕಮ್ಮಿ ಇದ್ದರೂ ಆ ರಾತ್ರಿಯೇ ಹುಡುಕಬೇಕು. ಹಾಳಾದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ನನ್ನ ಡಬ್ಬಿಯಲ್ಲೇ ಇರುತ್ತದೆ. ಮಳೆಗಾಲದಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ದಿನಗಟ್ಟಲೆ ಬಿಟ್ಟರೆ ತುಕ್ಕಿನ ಕಲೆ ಕೂರುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಅಜ್ಜಿ ಬಾಚಣಿಗೆಯಲ್ಲಿ ಉಳಿದ ಕೂದಲು ಕೂಡಿಟ್ಟು ಸೂಜಿ ದಿಂಬಿಗೆ ತುಂಬುತ್ತಿದ್ದಳು. ಕೂದಲಿನ ಎಣ್ಣೆಗೆ ಸೂಜಿ ತುಕ್ಕು ಹಿಡಿಯುತ್ತಿರಲಿಲ್ಲ. ಆ ದಿಂಬು ಈಗ ನನ್ನ ಹತ್ತಿರ ಇದೆ.

ಬಟ್ಟೆ ಕೂಡಿಹಾಕುವುದಕ್ಕೆ ಒಂದೇ ಟ್ರಂಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೀವು ಹೊಲಿಯುತ್ತೀರಿ ಎಂದು ಗೊತ್ತಾದರೆ ನೆಂಟರು, ಗಾಂಧಿ ಬಜಾರಿನ ದರ್ಜಿ, ಪಕ್ಕದ ಮನೆಯವರು ಚೀಲಗಟ್ಟಲೆ ಚೂರು ತಂದುಕೊಡುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ. ಟ್ರಂಕು ತುಂಬಿ ಹೊರಗೆ ಬಂದರೆ ಮನೆಯವರ ಜಾಗ ನಾವು ಕಿತ್ತುಕೊಂಡಂತೆ.

ಯಜಮಾನರಿಗೆ ನಾನು ಕೇಳಿದ್ದು ಒಂದೇ, ಭಾನುವಾರದ ತಿಂಡಿ. ಅಕ್ಕಿರೊಟ್ಟಿ ತಟ್ಟುವುದನ್ನು ಕಲಿತಿದ್ದಾರೆ, ಚಟ್ನಿ ಮಗಳು ರುಬ್ಬುತ್ತಾಳೆ. ಆ ಹೊತ್ತಿಗೆ ನನ್ನದು ನಾಲ್ಕು ದಾರ ಆಗುತ್ತದೆ, ವಾರದಲ್ಲಿ ತಪ್ಪಿದ್ದು ಅಲ್ಲೇ ಕೂಡಿಕೊಳ್ಳುತ್ತದೆ. ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳದೆ ಒಳಗೊಳಗೇ ಬೇಜಾರು ಮಾಡಿಕೊಂಡು ಕೂತ ವರ್ಷಗಳು ನನಗೂ ಇವೆ.

ಈ ವರ್ಷದ್ದು ಮಗನ ಕೌದಿ. ಹದಿಮೂರು ಚೌಕ ಆಗಿದೆ. ನಾಳೆ ಗುರುವಾರ, ಮಗಳ ಕ್ಲಾಸಿದೆ. ಹದಿನಾಲ್ಕನೆಯದರ ಒಂಬತ್ತು ತುಂಡು ಅವಳು ಆಗಲೇ ಜೋಡಿಸಿ ಡಬ್ಬಿಗೆ ಹಾಕಿದ್ದಾಳೆ. ನಟ್ಟನಡುವೆ ಅವಳ ಪ್ರಾಕ್ಟೀಸ್ ಸೀರೆಯ ತುಂಡಿದೆ.