ಸ್ಪೀಕರ್‌ನಲ್ಲಿ ಗುಂಯ್ ಸದ್ದೇ? ಮೊದಲು ಮೂಲ ಹುಡುಕಿ, ಆಮೇಲೆ ದುಡ್ಡು ಬಿಚ್ಚಿ

ಹಾಡು ನಿಂತ ಕೂಡಲೇ ಸ್ಪೀಕರ್‌ನಿಂದ ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ಕರೆಂಟನ್ನು ಶುದ್ಧ ಮಾಡುವ ಪವರ್ ಕಂಡೀಷನರ್ ತರಲು ಓಡಬೇಡಿ. ಹೆಚ್ಚಿನ ಮನೆಗಳಲ್ಲಿ ತೊಂದರೆ ಇರುವುದು ಕರೆಂಟಿನಲ್ಲಲ್ಲ, ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಎಳೆದ ವೈರಿನಲ್ಲಿ.

ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿರುವ ಆರ್‌ಸಿಎ ವೈರುಗಳನ್ನೆಲ್ಲ (ಹಾಡು ಒಳಗೆ ತರುವ ಕೆಂಪು-ಬಿಳಿ ತುದಿಯ ವೈರುಗಳು) ಬಿಚ್ಚಿ. ಸ್ಪೀಕರ್ ಮಾತ್ರ ಇರಲಿ. ವಾಲ್ಯೂಮ್ ಪೂರ್ತಿ ಇಳಿಸಿ ಆನ್ ಮಾಡಿ. ಸದ್ದು ಹಾಗೇ ಇದ್ದರೆ ದೋಷ ಆಂಪ್ ಒಳಗೇ ಇದೆ. ಹಳೆಯ ಸೆಟ್ಟಾದರೆ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಹೆಚ್ಚು. ಅದನ್ನು ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಸದ್ದು ನಿಂತಿತೋ, ಆಂಪ್ ಸರಿಯಿದೆ. ಪ್ರತಿ ಸಲ ಆಫ್ ಮಾಡಿ, ಒಂದೊಂದೇ ವೈರ್ ಮತ್ತೆ ಸಿಕ್ಕಿಸಿ, ಆನ್ ಮಾಡಿ ವಾಲ್ಯೂಮ್ ಸ್ವಲ್ಪ ಏರಿಸಿ ಕೇಳುತ್ತಾ ಬನ್ನಿ. ಯಾವುದಕ್ಕೆ ಗುಂಯ್ ಶುರುವಾಯಿತೋ ಅಲ್ಲಿ ನಿಲ್ಲಿ.

ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್ ವೈರ್ ಆಗಿದ್ದರೆ ಕೇಬಲ್‌ನವರ ದಪ್ಪ ಕೊಯಾಕ್ಸಿಯಲ್ ವೈರನ್ನು ಬಾಕ್ಸಿನಿಂದ ತಿರುಗಿಸಿ ತೆಗೆದು ನೋಡಿ. ಆಗ ಸದ್ದು ಮಾಯವಾದರೆ ಅದು ಗ್ರೌಂಡ್ ಲೂಪ್. ಆ ವೈರಿನ ಹೊರಜಾಲರಿ ಬೇರೆಲ್ಲೋ ನೆಲ ಮುಟ್ಟಿರುತ್ತದೆ, ನಿಮ್ಮ ಆಂಪ್ ಮನೆಯ ಅರ್ಥಿಂಗ್‌ಗೆ ಸೇರಿರುತ್ತದೆ. ಎರಡರ ನಡುವಿನ ಸಣ್ಣ ವೋಲ್ಟೇಜ್‌ನಿಂದ ಆರ್‌ಸಿಎ ವೈರಿನ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ. ಆಂಪ್ ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಟಿವಿಯಿಂದ ಆಂಪ್‌ಗೆ ಆಪ್ಟಿಕಲ್ ಕೇಬಲ್ ಹಾಕಿದರೆ ಲೂಪ್ ಕಡಿದುಹೋಗುತ್ತದೆ, ಅದರಲ್ಲಿ ಹೋಗುವುದು ಬೆಳಕು ಮಾತ್ರ. ಆಂಪ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ನಡುವೆ ಸಣ್ಣ ಡ್ಯಾಕ್ (ಡಿಜಿಟಲ್ ಸದ್ದನ್ನು ಆರ್‌ಸಿಎಗೆ ಬದಲಿಸುವ ಡಬ್ಬಿ) ಇಟ್ಟು, ಟಿವಿಯ ಆಡಿಯೋ ಸೆಟ್ಟಿಂಗನ್ನು ಅದಕ್ಕೆ ಅರ್ಥವಾಗುವ ಪಿಸಿಎಂ ರೂಪಕ್ಕೆ ಬದಲಿಸಿ. ಕಾರ್ ಸ್ಟೀರಿಯೋ ಅಂಗಡಿಯ ಗ್ರೌಂಡ್ ಲೂಪ್ ಐಸೊಲೇಟರ್ ಕೂಡ ಕೆಲಸ ಮಾಡುತ್ತದೆ, ಆದರೆ ಅಗ್ಗದ್ದರಲ್ಲಿ ಬೇಸ್ ಸೊರಗುತ್ತದೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಅದು ಚಾರ್ಜರ್‌ನ ಕಿತಾಪತಿ. ಚಾರ್ಜರ್ ಮತ್ತು ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಎಷ್ಟೋ ಸಲ ತಗ್ಗುತ್ತದೆ. ತಗ್ಗದಿದ್ದರೆ ಬ್ಲೂಟೂತ್ ರಿಸೀವರ್ ಇದೆಯಲ್ಲ.

ಆಂಪ್ ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಹೋಗುವುದು ನಿಜ. ಆದರೆ ಒಳಗೆ ಫೇಸ್ ವೈರ್ ಕಳಚಿ ಕವಚಕ್ಕೆ ತಾಗಿದ ದಿನ ತಾನೇ ಕರೆಂಟ್ ಕಡಿಯಬೇಕಾದ ಎಂಸಿಬಿ ಬೀಳುವುದಿಲ್ಲ, ಇಡೀ ಪೆಟ್ಟಿಗೆಗೆ 230 ವೋಲ್ಟ್ ಬಂದು ಕೂತಿರುತ್ತದೆ. ಖಂಡಿತ ಬೇಡ. ಅದರ ಬದಲು ಅರ್ಥಿಂಗ್ ಪರೀಕ್ಷಿಸಿ: ಸಾಕೆಟ್ಟಿಗೆ ಎದುರಾಗಿ ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಮಲ್ಟಿಮೀಟರನ್ನು ಎಸಿ ವೋಲ್ಟೇಜ್‌ನಲ್ಲಿಟ್ಟರೆ ಫೇಸ್‌ನಿಂದ ಅರ್ಥ್‌ಗೆ ಸುಮಾರು 230, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ನ್ಯೂಟ್ರಲ್ ಕಡೆ 10–20 ತೋರಿಸಿದರೆ, ಮೀಟರ್ ಹಿಡಿದು ಅಭ್ಯಾಸವಿಲ್ಲದಿದ್ದರೂ ಅಷ್ಟೇ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಯ ಮಣ್ಣು ಒಣಗುವುದು, ಕ್ಲ್ಯಾಂಪ್ ತುಕ್ಕು ಹಿಡಿಯುವುದು ಸಾಮಾನ್ಯ. ಗುಂಡಿಗೆ ನೀರು ಹಾಕಿಸುವುದನ್ನು ಮರೆಯಬೇಡಿ.

ಗುಂಯ್ ಅಲ್ಲದೆ ಜೀರುಂಡೆಯಂಥ ಜಿರ್ರ್ ಸದ್ದು ಬೇರೆ ಜಾತಿ. ಫ್ಯಾನ್ ರೆಗ್ಯುಲೇಟರನ್ನು ನಡುವಿನ ವೇಗಕ್ಕಿಟ್ಟಾಗ ಹೆಚ್ಚಿ, ಫುಲ್ ಸ್ಪೀಡಿನಲ್ಲಿ ಇಳಿದರೆ ಕಳ್ಳ ಸಿಕ್ಕ: ನುಣುಪಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸುತ್ತದೆ. ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಕರೆಂಟ್ ಹೋಗಿ ಯುಪಿಎಸ್‌ನಲ್ಲಿ ನಡೆಯುವಾಗ ಮಾತ್ರ ಸದ್ದಾದರೆ ಅದು ಚೌಕಾಕಾರದ ಒರಟು ಅಲೆ ಕೊಡುವ ಸ್ಕ್ವೇರ್ ವೇವ್ ಯುಪಿಎಸ್. ಮನೆಯ ಕರೆಂಟಿನಂತೆ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ಸೇ ಪರಿಹಾರ, ಹೆಚ್ಚು ವಿಎ (ಸಾಮರ್ಥ್ಯ) ಇರುವುದು ತಂದರೆ ಪ್ರಯೋಜನವಿಲ್ಲ.

ಪವರ್ ಕಾರ್ಡ್ ಮತ್ತು ಆರ್‌ಸಿಎ ವೈರ್ ಒಟ್ಟಿಗೆ ಕಟ್ಟಬೇಡಿ, ಒಂದಡಿ ದೂರವಿಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ದಿಢೀರ್ ವೋಲ್ಟೇಜ್ ಹೊಡೆತ ತಡೆಯುವ ಸ್ಪೈಕ್ ಗಾರ್ಡ್‌ನಿಂದ ಗುಂಯ್ ಹೋಗುವುದಿಲ್ಲ, ಕಡಿಮೆ ವೋಲ್ಟೇಜೂ ಏರುವುದಿಲ್ಲ. ಅದರೊಳಗೆ ಹೊಡೆತ ಹೀರುವ ಎಂಒವಿ ಎಂಬ ಬಿಡಿಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ಪ್ರೊಟೆಕ್ಷನ್ ದೀಪ ಆರಿದ್ದರೆ ಬದಲಿಸಿ. ಗುಡುಗು ಸಿಡಿಲಿನ ಸಂಜೆ ಪ್ಲಗ್ ಕಿತ್ತರೆ ಸಾಲದು, ಕೊಯಾಕ್ಸಿಯಲ್ ವೈರನ್ನೂ ಬಿಚ್ಚಿಡಿ. ಸಿಡಿಲು ಆ ದಾರಿಯಲ್ಲೂ ಒಳಗೆ ಬರುತ್ತದೆ.