ಬಜೆಟ್‌ನಲ್ಲಿ ನಿಮ್ಮ ಸಂಘದ ಬೇಡಿಕೆಗೆ ಒಂದು ಸಾಲು ದೊರಕಿಸುವುದು ಹೇಗೆ?

ಫೆಬ್ರುವರಿ ಬಂತೆಂದರೆ ಶಾಲು, ಹಾರ ಮತ್ತು ಇಪ್ಪತ್ತೈದು ಬೇಡಿಕೆಗಳ ಮನವಿ ಪತ್ರ ಹಿಡಿದ ಸಂಘಟನೆಗಳು ಬೆಂಗಳೂರಿಗೆ ಹೊರಡುತ್ತವೆ. ಪದಾಧಿಕಾರಿಗಳು ಸಚಿವರನ್ನು ಕಂಡು, ಛಾಯಾಚಿತ್ರ ತೆಗೆಸಿಕೊಂಡು, ‘ಪರಿಶೀಲಿಸಲಾಗುವುದು’ ಎಂಬ ಮಾತನ್ನು ಹೊತ್ತು ಊರಿಗೆ ಮರಳುತ್ತಾರೆ. ಬಜೆಟ್ ಭಾಷಣದ ದಿನ ತಮ್ಮ ಹೆಸರೇ ಇಲ್ಲವೆಂದು ಸರ್ಕಾರವನ್ನು ಬೈಯುತ್ತಾರೆ. ದೋಷ ಬಹುಪಾಲು ಮನವಿಯ ಸಮಯದಲ್ಲಿದೆ, ಉಳಿದದ್ದು ಅದರ ಬರವಣಿಗೆಯಲ್ಲಿದೆ.

ಸಮಯದ ವಿಷಯ ಸರಳ. ರಾಜ್ಯ ಬಜೆಟ್ 2024ರಲ್ಲಿ ಫೆಬ್ರುವರಿ 16ರಂದು, 2025ರಲ್ಲಿ ಮಾರ್ಚ್ 7ರಂದು ಮಂಡನೆಯಾಯಿತು. ಆದರೆ ಇಲಾಖೆಗಳು ತಮ್ಮ ಅಂದಾಜುಗಳನ್ನು ಸಿದ್ಧಪಡಿಸಿ ಆರ್ಥಿಕ ಇಲಾಖೆಗೆ ಕಳುಹಿಸುವ ಕೆಲಸ ತಿಂಗಳುಗಳ ಮೊದಲೇ ಆರಂಭವಾಗಿರುತ್ತದೆ. ಆದ್ದರಿಂದ ಮನವಿಯು ದಸರಾ ಮುಗಿಯುವ ಹೊತ್ತಿಗೆ ಇಲಾಖೆಯ ಕಡತದೊಳಗೆ ಇರಬೇಕು. ಮಂಡನೆಯಾದ ಮೇಲೆ ಶಾಸಕರಿಂದ ಹಣ ಸೇರಿಸಿಕೊಳ್ಳಬಹುದೆಂಬ ನಂಬಿಕೆಗೂ ಆಧಾರವಿಲ್ಲ, ಏಕೆಂದರೆ ಸಂವಿಧಾನದ 203ನೇ ವಿಧಿಯ ಪ್ರಕಾರ ವಿಧಾನಸಭೆಯು ಸರ್ಕಾರ ಮುಂದಿಡುವ ಅನುದಾನದ ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು ಅಥವಾ ಕಡಿತಗೊಳಿಸಬಹುದೇ ಹೊರತು ಹೆಚ್ಚಿಸಲಾರದು.

ಎರಡನೆಯದಾಗಿ, ಇಪ್ಪತ್ತೈದು ಬೇಡಿಕೆಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಕೈಬಿಡಿ. ಇದಕ್ಕೆ ಸಂಘದೊಳಗೆ ಜಗಳವಾಗುತ್ತದೆ, ಆಗಲಿ.

ಇನ್ನು ಬಹುತೇಕರು ಎಡವುವ ಹಂತಕ್ಕೆ ಬರೋಣ. ಬಜೆಟ್ ಎಂಬುದು ಭಾಷಣವಲ್ಲ, ಲೆಕ್ಕ ಶೀರ್ಷಿಕೆಗಳ ಸಾಲು. ರಾಜ್ಯದ ಪ್ರತಿಯೊಂದು ವೆಚ್ಚಕ್ಕೂ ಹದಿನೈದು ಅಂಕಿಗಳ ಒಂದು ವಿಳಾಸವಿರುತ್ತದೆ, ಮತ್ತು ವಿಳಾಸವಿಲ್ಲದ ಬೇಡಿಕೆ ವಿಳಾಸವಿಲ್ಲದ ಅಂಚೆಯಂತೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಜಿಲ್ಲೆಗೊಂದರಂತೆ ಅಂಗವಿಕಲ ಮಕ್ಕಳ ಹಗಲು ಪಾಲನಾ ಕೇಂದ್ರ ಬೇಕೆಂಬುದು ನಿಮ್ಮ ಬೇಡಿಕೆ ಎಂದಿಟ್ಟುಕೊಳ್ಳೋಣ. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಅನುದಾನದ ಬೇಡಿಕೆಗಳ ಸಂಪುಟಗಳಿರುತ್ತವೆ; ಅವುಗಳಲ್ಲಿ 2235 ಎಂಬ ಪ್ರಧಾನ ಶೀರ್ಷಿಕೆ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಸೇರಿದ್ದು, ಅದರಡಿ 02 ಸಮಾಜ ಕಲ್ಯಾಣವನ್ನೂ, ಅದರಡಿಯ 101 ಅಂಗವಿಕಲರ ಕಲ್ಯಾಣವನ್ನೂ ಸೂಚಿಸುತ್ತದೆ. ಕನ್ನಡ ಪಿಡಿಎಫ್‌ಗಳಲ್ಲಿ ಹಳೆಯ ಅಕ್ಷರ ವಿನ್ಯಾಸದಿಂದಾಗಿ ಪದಗಳ ಹುಡುಕಾಟ ಅನೇಕ ಬಾರಿ ಕೈಕೊಡುವುದರಿಂದ ಪದದ ಬದಲು ಈ ಅಂಕಿಗಳನ್ನೇ ಹುಡುಕಿ. ಸಾಲು ಸಿಕ್ಕಿದ ಮೇಲೆ ಅದರ ಎದುರಿನ ಅಂಕಣಗಳನ್ನು ಓದಬೇಕು: ಹಿಂದಿನ ವರ್ಷದ ನಿಜವಾದ ಲೆಕ್ಕ, ಚಾಲ್ತಿ ವರ್ಷದ ಅಂದಾಜು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ನೂರು ರೂಪಾಯಿ ಕೊಟ್ಟ ಕಡೆ ನಲವತ್ತು ಮಾತ್ರ ಖರ್ಚಾಗಿದ್ದರೆ ‘ಕೊಟ್ಟದ್ದನ್ನೇ ಬಳಸಿಲ್ಲ’ ಎಂಬ ಒಂದೇ ಟಿಪ್ಪಣಿಯಿಂದ ನಿಮ್ಮ ಬೇಡಿಕೆ ಮುಗಿದುಹೋಗುತ್ತದೆ. ಆ ಟಿಪ್ಪಣಿ ಬೀಳುವ ಮೊದಲೇ ಖರ್ಚಾಗದಿರಲು ಕಾರಣವೇನೆಂಬುದನ್ನು, ಅಂದರೆ ಹುದ್ದೆ ಖಾಲಿಯಿತ್ತೋ, ಆದೇಶ ತಡವಾಯಿತೋ, ಕೊನೆಯ ಕಂತು ಮಾರ್ಚ್ ಕೊನೆಗೆ ಬಿಡುಗಡೆಯಾಯಿತೋ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ತಿಳಿದು ಮನವಿಯಲ್ಲಿಯೇ ಬರೆಯಬೇಕು.

ಪ್ರಧಾನ ಶೀರ್ಷಿಕೆಯ ಮೊದಲ ಅಂಕಿಯೂ ಮುಖ್ಯ. 2ರಿಂದ ಆರಂಭವಾಗುವುದು ರಾಜಸ್ವ ವೆಚ್ಚ, 4ರಿಂದ ಆರಂಭವಾಗುವುದು ಬಂಡವಾಳ ವೆಚ್ಚ. ಆದ್ದರಿಂದ ಪಾಲನಾ ಕೇಂದ್ರವನ್ನು ನಡೆಸುವ ಖರ್ಚು 2235ರಲ್ಲಿಯೂ, ಅದರ ಕಟ್ಟಡ 4235ರಲ್ಲಿಯೂ ಬರುತ್ತದೆ. ನಾನು ಬಲ್ಲ ಒಂದು ಜಿಲ್ಲಾ ಸಂಘವು ಎರಡನ್ನೂ ಕಲಸಿ ‘ಹತ್ತು ಕೋಟಿ ಕೊಡಿ’ ಎಂದು ಮೂರು ವರ್ಷ ಕೇಳಿತು, ಕಡತವು ಒಂದು ಶಾಖೆಯಿಂದ ಇನ್ನೊಂದಕ್ಕೆ ಓಡಾಡಿತು, ಅಷ್ಟೆ. ಮೊದಲ ವರ್ಷ ಕಟ್ಟಡ ಕೇಳಲೇಬೇಡಿ, ಬಾಡಿಗೆ ಮನೆಯಲ್ಲಿ ನಡೆಸುವ ಖರ್ಚನ್ನಷ್ಟೇ ಕೇಳಿ; ಅಡಿಗಲ್ಲು ಬಿದ್ದು ಕೇಂದ್ರ ತೆರೆಯದ ಊರುಗಳು ಸಾಕಷ್ಟಿವೆ.

ಮೊತ್ತವನ್ನು ಗುಣಾಕಾರದಿಂದ ತೋರಿಸಬೇಕು. ತಿಂಗಳಿಗೆ ಒಂದು ಕೇಂದ್ರಕ್ಕೆ 2 ಲಕ್ಷ ರೂಪಾಯಿಯಾದರೆ 31 ಜಿಲ್ಲೆಗಳಿಗೆ ವರ್ಷಕ್ಕೆ 7.44 ಕೋಟಿಯಾಗುತ್ತದೆ; ಆದರೆ ಆದೇಶ, ನೇಮಕ, ಬಾಡಿಗೆ ಕರಾರು ಮುಗಿದು ಕೇಂದ್ರ ತೆರೆಯುವುದು ಬೇಗನೆಂದರೂ ಸೆಪ್ಟೆಂಬರಿನಲ್ಲಿ, ಹಾಗಾಗಿ ಮೊದಲ ವರ್ಷಕ್ಕೆ ಏಳು ತಿಂಗಳ 4.34 ಕೋಟಿ ಕೇಳಿದರೆ ಸಾಕು. ಅಷ್ಟನ್ನು ಖರ್ಚು ಮಾಡಿ ತೋರಿಸಿದವರಿಗೆ ಮರುವರ್ಷ ಕೇಳುವ ಬಾಯಿ ಇರುತ್ತದೆ.

ಇದೆಲ್ಲವೂ ಎರಡು ಪುಟ ಮೀರಬಾರದು. ಬಣ್ಣದ ಮುಖಪುಟದ, ಸುರುಳಿ ಬೈಂಡಿಂಗಿನ ವರದಿಯನ್ನು ವಿಷಯ ನಿರ್ವಾಹಕರು ತೆರೆಯುವುದಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಸಿಗುವ ಸಿದ್ಧ ಮನವಿ ಪತ್ರದ ನಮೂನೆಗಳೂ ದುಡ್ಡಿಗೆ ದಂಡ, ಏಕೆಂದರೆ ಅವುಗಳಲ್ಲಿ ವಿಶೇಷಣಗಳಿಗೆ ಜಾಗವಿರುತ್ತದೆ, ಲೆಕ್ಕ ಶೀರ್ಷಿಕೆಗೆ ಇರುವುದಿಲ್ಲ. ಒಂದು ಪ್ರತಿಯನ್ನು ಇಲಾಖೆಯ ಕಾರ್ಯದರ್ಶಿಗೂ, ಒಂದನ್ನು ಬಜೆಟ್ ನೋಡುವ ಲೆಕ್ಕ ಶಾಖೆಗೂ ಕೊಟ್ಟು ಟಪಾಲಿನ ಸ್ವೀಕೃತಿ ಪಡೆಯಿರಿ. ಸಚಿವರ ಭೇಟಿ ಇದರ ನಂತರದ್ದು.

ಮಂಡನೆಯ ಬಳಿಕ, ಹಣ ಹೆಚ್ಚಿಸಲಾಗದಿದ್ದರೂ ಪ್ರಶ್ನೆ ಕೇಳಬಲ್ಲ ಶಾಸಕರ ಪಾತ್ರ ಆರಂಭವಾಗುತ್ತದೆ. ಗುಜರಾತಿನ ಆದಿವಾಸಿಗಳ ನಡುವೆ ಕೆಲಸ ಮಾಡುವ ದಿಶಾ ಸಂಸ್ಥೆಯು 1990ರ ದಶಕದಲ್ಲಿ ರಾಜ್ಯ ಬಜೆಟ್ಟಿನ ಪುಸ್ತಕಗಳನ್ನು ಸಾಲು ಸಾಲಾಗಿ ಓದಿ, ಕೂಡುವ ಲೆಕ್ಕದ ತಪ್ಪುಗಳನ್ನೂ ಹಿಡಿದು, ಇಲಾಖಾವಾರು ಚುಟುಕು ಟಿಪ್ಪಣಿಗಳನ್ನು ಶಾಸಕರ ಕೈಗಿಟ್ಟಿತು; ಸದನದಲ್ಲಿ ಪ್ರಶ್ನೆಗಳು ಅವುಗಳಿಂದ ಎದ್ದವು. ನಮ್ಮಲ್ಲಿಯೂ ಸಣ್ಣ ಗುರಿಯಿಟ್ಟು ಪಟ್ಟು ಬಿಡದವರಿದ್ದಾರೆ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ 2013ರ ಕಾಯ್ದೆಯು ಜನಸಂಖ್ಯೆಗೆ ಅನುಗುಣವಾಗಿ ಶೇ 24.1ರಷ್ಟು ಹಣವನ್ನು ಮೀಸಲಿಡಬೇಕೆಂದರೂ, ಅದರ 7(ಡಿ) ಉಪಕಲಂ ಎಲ್ಲರಿಗೂ ಸೇರಿದ ಮೂಲಸೌಕರ್ಯದ ವೆಚ್ಚದ ಭಾಗವನ್ನು ಇದೇ ಲೆಕ್ಕಕ್ಕೆ ಹಾಕಲು ದಾರಿ ಬಿಟ್ಟಿತ್ತು. ದಲಿತ ಸಂಘಟನೆಗಳು ಆ ಒಂದು ಉಪಕಲಮಿನ ಮೇಲೆಯೇ ವರ್ಷಗಟ್ಟಲೆ ಒತ್ತಾಯ ಹೇರಿದವು, 2023ರಲ್ಲಿ ಅದು ರದ್ದಾಯಿತು.

ಭಾಷಣದಲ್ಲಿ ನಿಮ್ಮ ಯೋಜನೆಯ ಹೆಸರು ಕೇಳಿಬಂದರೆ ಪಟಾಕಿ ಹೊಡೆಯುವ ಮೊದಲು ಅದೇ ಸಂಜೆ ಸಂಪುಟ ತೆರೆದು ಸಾಲಿನ ಎದುರು ಎಷ್ಟಿದೆ ಎಂದು ನೋಡಿ. ಕೋಟಿಗಳ ಜಾಗದಲ್ಲಿ ಬರಿಯ 1 ಲಕ್ಷವಿದ್ದರೆ ಅದು ಟೋಕನ್ ಅನುದಾನ: ವಿಳಾಸ ಸಿಕ್ಕಿದೆ, ಹಣ ಬಂದಿಲ್ಲ. ಆಗ ಸಂವಿಧಾನದ 205ನೇ ವಿಧಿಯ ಪೂರಕ ಅಂದಾಜುಗಳು, ಅಂದರೆ ವರ್ಷದ ನಡುವೆ ಹೆಚ್ಚುವರಿ ಹಣ ಕೇಳುವ ಅಂದಾಜುಗಳು, ಮಂಡನೆಯಾಗುವ ಮುಂದಿನ ಅಧಿವೇಶನವನ್ನು ಗುರುತು ಹಾಕಿಕೊಂಡು, ಏಪ್ರಿಲ್ ತಿಂಗಳಲ್ಲಿಯೇ ಅದೇ ಎರಡು ಪುಟಗಳೊಂದಿಗೆ ಅದೇ ಲೆಕ್ಕ ಶಾಖೆಯ ಮೆಟ್ಟಿಲು ಹತ್ತಬೇಕು.