ಒತ್ತಕ್ಷರ ಬಂದಾಗ ತಡವರಿಸುವ ಮಗುವಿಗೆ ಓದು ಕಲಿಸುವುದು ಹೇಗೆ?

‘ಕ ಕಾ ಕಿ ಕೀ’ ಎಂದು ರಾಗವಾಗಿ ಒಪ್ಪಿಸುವ ಮಗುವಿನ ಮುಂದೆ ‘ಕೊ’ ಎಂದಷ್ಟೇ ಬರೆದು, ಇದೇನು ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ‘ಕ’ದಿಂದ ಶುರುಮಾಡಿ, ಬೆರಳು ಮಡಿಸುತ್ತಾ ಬಂದು ‘ಕೊ’ ತಲುಪುತ್ತಾರೆ. ಬಾಯಿಪಾಠ ಬಂದಿದೆ, ಓದು ಬಂದಿಲ್ಲ. ಆಗ ಹಿರಿಯರು ಅದೇ ಕಾಗುಣಿತವನ್ನು ಮತ್ತೆ ಹತ್ತು ಸಲ ಬರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅಕ್ಷರ: ನಲವತ್ತೊಂಬತ್ತನ್ನೂ ಕಲಿತು ಮುಗಿಸುವವರೆಗೆ ಪದಗಳನ್ನು ಕಾಯಿಸಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಇಡೀ ರಾಜ್ಯಕ್ಕೆ ಹಬ್ಬಿದ ನಲಿಕಲಿ ಎಂಬ ಶಾಲಾ ಕಲಿಕಾ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ. ಮೊದಲ ವಾರವೇ ಮಗು ಪದ ಓದುತ್ತದೆ. ಆಮೇಲೆ ಜ, ವ, ಮ, ಬ, ನ.

ಅಂಗಡಿಯ ಮಿರುಗುವ ಗೋಡೆಪಟಗಳಿಗೆ ದುಡ್ಡು ಸುರಿಯಬೇಡಿ. ಆನೆಯ ಚಿತ್ರ ನೋಡಿ ‘ಆ’ ಎನ್ನುವ ಮಗು ಅಕ್ಷರದ ಕಡೆ ಕಣ್ಣೇ ಹಾಯಿಸುವುದಿಲ್ಲ. ಗುಂಡಿ ಒತ್ತಿದರೆ ಕೂಗುವ ಬ್ಯಾಟರಿ ಫಲಕಗಳ ಹಣೆಬರಹವೂ ಅದೇ. ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಕತ್ತರಿಸಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿಗಳು ಎಲ್ಲಕ್ಕಿಂತ ಮೇಲು.

ಗುಣಿತ: ಒಂದು ವ್ಯಂಜನಕ್ಕೆ ಎಲ್ಲ ಸ್ವರಚಿಹ್ನೆಗಳನ್ನೂ ಹಚ್ಚುವ ಬದಲು, ಒಂದು ಚಿಹ್ನೆಯನ್ನು ಹಲವು ವ್ಯಂಜನಗಳಿಗೆ ಹಚ್ಚಿ. ಸರ–ಸಾರ, ದನ–ದಾನ, ಬಲ–ಬಾಲ. ಇಳಿ (‘ಆ’ಕಾರದ ಗುರುತು) ಬಂದರೆ ಮುಂದಿನದು ಗುಡಿಸು (‘ಇ’ಕಾರ), ಆಮೇಲೆ ಕೊಂಬು (‘ಉ’ಕಾರ). ದೀರ್ಘ ಬಂದಾಗ ಜೋಡಿ ಪದಗಳನ್ನೇ ಕೊಡಿ: ಬೆಳೆ–ಬೇಳೆ, ಕೆರೆ–ಕೇರೆ, ಕೊಡು–ಕೋಡು. ಅರ್ಥವೇ ಬದಲಾಗುವುದರಿಂದ ದೀರ್ಘದ ಕೊಂಡಿ ಕಣ್ಣಿಗೆ ಬೀಳುತ್ತದೆ.

ಒತ್ತಕ್ಷರ: ಬಹುಪಾಲು ಮಕ್ಕಳು ಮುಗ್ಗರಿಸುವುದು ಇಲ್ಲೇ. ‘ರಾತ್ರಿ’ಯನ್ನು ‘ರಾ-ತಿ-ರ’ ಎಂದು ಓದುವ ಮಗುವನ್ನು ಗದರಬೇಡಿ. ಅದು ಕಂಡದ್ದನ್ನು ಕಂಡ ಹಾಗೆಯೇ ಓದಿದೆ. ‘ಇ’ಕಾರದ ಗುರುತು ಕುಳಿತಿರುವುದು ಮೇಲಿನ ‘ತ’ದ ಮೇಲೆ, ಅದನ್ನು ಉಚ್ಚರಿಸಬೇಕಾದದ್ದು ಕೆಳಗಿನ ‘ರ’ ಆದ ಮೇಲೆ. ‘ಬೆಕ್ಕು’ ‘ಬೆ-ಕು-ಕ’ ಆಗುವುದೂ ಹೀಗೆಯೇ. ಈ ನಿಯಮವನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗುವಿಗೆ ಹೊಳೆಯುವುದಾದರೂ ಹೇಗೆ?

ಪುಸ್ತಕ ಮುಚ್ಚಿಟ್ಟು ಕಿವಿಯಿಂದ ಶುರುಮಾಡಿ. ‘ರಾತ್–ರಿ’, ‘ಬೆಕ್–ಕು’ ಎಂದು ಚಪ್ಪಾಳೆ ತಟ್ಟಿಸಿ. ತಡೆದು ನಿಲ್ಲುವ ‘ತ್’ ಕಿವಿಗೆ ಬೀಳಬೇಕು. ನಂತರ ‘ತ್ರ’ ಎಂದಷ್ಟೇ ಬರೆದು ಚಿತ್ರ, ಸೂತ್ರ ಓದಿಸಿ. ಅದು ಸಲೀಸಾದ ಮೇಲೆ ಅದೇ ‘ತ್ರ’ದ ತಲೆಗೆ ನೀವೇ ಗುಡಿಸು ಹಾಕಿ ರಾತ್ರಿ, ಛತ್ರಿ, ಮಂತ್ರಿ. ಎತ್ವ ಹಾಕಿ ಜಾತ್ರೆ. ಪ್ರತಿ ಸಲವೂ ಬೆರಳು ಮೇಲಿನ ಅಕ್ಷರಕ್ಕೆ, ಕೆಳಗಿನ ಒತ್ತಿಗೆ, ಮತ್ತೆ ಮೇಲಿನ ಗುರುತಿಗೆ ಹೋಗಬೇಕು. ಬೆರಳಿನ ಈ ದಾರಿಯನ್ನು ಮಾತ್ರ ತಪ್ಪಿಸಬೇಡಿ.

ಒತ್ತುಗಳನ್ನು ಕಲಿಸುವ ಕ್ರಮವೂ ಮುಖ್ಯ. ಅಕ್ಕ, ಅಜ್ಜ, ಹಗ್ಗ, ಹಳ್ಳದಂಥ ಸಜಾತಿ ಒತ್ತುಗಳು ಮೊದಲಿರಲಿ, ಏಕೆಂದರೆ ಇಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲಗಳ ಒತ್ತು ಬೇರೆಯೇ ರೂಪದ್ದು. ಅವುಗಳಿಗೆ ಬೇರೆ ಚೀಟಿ ಮಾಡಿ, ದಿನಕ್ಕೊಂದರಂತೆ ಕಲಿಸಿ. ಅರ್ಕಾವತ್ತು ಕಟ್ಟಕಡೆಗೆ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸಬೇಕಾದ ‘ರ್’ ಬಲಗಡೆ, ಹಿಂದೆ ಕುಳಿತಿರುತ್ತದೆ. ಉಳಿದ ಒತ್ತುಗಳು ಗಟ್ಟಿಯಾಗುವ ಮುನ್ನ ಇದನ್ನು ತಂದರೆ ಕಲಿತದ್ದೂ ಕಲಸಿಹೋಗುತ್ತದೆ.

ಪದಸಂಪತ್ತು: ಅಕ್ಷರ ಕೂಡಿಸಿ ಓದಿದ ಪದ ಮೊದಲೇ ಕಿವಿಗೆ ಬಿದ್ದಿರದಿದ್ದರೆ ಆ ಓದಿಗೆ ಅರ್ಥವಿಲ್ಲ. ಅದಕ್ಕೆ ಅಡುಗೆಮನೆಯಂಥ ಶಾಲೆ ಇನ್ನೊಂದಿಲ್ಲ. ತರಕಾರಿ ಹೆಚ್ಚುತ್ತೇವೆ, ಕಾಯಿ ತುರಿಯುತ್ತೇವೆ, ಬೆಳ್ಳುಳ್ಳಿ ಜಜ್ಜುತ್ತೇವೆ, ದೋಸೆಗೆ ರುಬ್ಬುತ್ತೇವೆ, ಚಪಾತಿ ಹಿಟ್ಟು ನಾದುತ್ತೇವೆ, ಅಕ್ಕಿ ಕೇರುತ್ತೇವೆ. ಎಲ್ಲಕ್ಕೂ ‘ಮಾಡು’ ಎಂದು ತೇಲಿಸಿಬಿಡುವ ಮನೆಯಲ್ಲಿ ಮಗುವಿಗೆ ಒಂದೇ ಕ್ರಿಯಾಪದ ಉಳಿಯುತ್ತದೆ. ‘ಬೆಳ್ಳುಳ್ಳಿಯನ್ನು ರುಬ್ಬಲೋ, ಜಜ್ಜಲೋ?’ ಎಂದು ಮಗುವನ್ನೇ ಕೇಳಿ. ಮನೆಯ ಮಾತು ಯಾವ ಸೀಮೆಯದಾದರೂ ತಿದ್ದಬೇಡಿ. ಪುಸ್ತಕದ ರೂಪ ಪಕ್ಕದಲ್ಲಿ ತಾನಾಗಿ ಬಂದು ಸೇರುತ್ತದೆ.

ಪುಸ್ತಕ: ಮೊದಲಿಗೆ ಪುಟಕ್ಕೆ ಒಂದೇ ಸಾಲು, ದೊಡ್ಡ ಅಕ್ಷರ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಹಂತಹಂತವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮೊದಲ ಹಂತದಿಂದಲೇ ಆರಿಸಿ, ಸಾಧ್ಯವಾದರೆ ಮುದ್ರಿಸಿ ಕೊಡಿ. ಮೊಬೈಲಿನಲ್ಲಿ ಬೆರಳಿಟ್ಟು ಓದಲು ಹೋದರೆ ಪುಟವೇ ಜಾರಿಬಿಡುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಮಗು ದಣಿದ ಕೂಡಲೇ ಪುಸ್ತಕ ನಿಮ್ಮ ಕೈಗೆ ತೆಗೆದುಕೊಂಡು, ಉಳಿದ ಕಥೆಯನ್ನು ನೀವೇ ಗಟ್ಟಿಯಾಗಿ ಓದಿ ಮುಗಿಸಿ.